ತಿಪ್ಪೆಯ ಹುಳು, ಕೋಳಿಯ ಕಾಳು

ತಾರಸಿಯ ಮೂಲೆಯಲ್ಲಿದ್ದ ಗೊಬ್ಬರದ ಡ್ರಮ್ಮಿನ ಮುಚ್ಚಳ ತೆಗೆದಾಗ ಮೊದಲು ಕೇಳಿಸಿದ್ದು ಸದ್ದು. ಒಣಗಿದ ಎಲೆಯ ಮೇಲೆ ತುಂತುರು ಬಿದ್ದ ಹಾಗೆ, ಸಣ್ಣಗೆ, ಎಡೆಬಿಡದೆ. ಆಮೇಲೆ ಕಣ್ಣಿಗೆ ಬಿದ್ದದ್ದು ಹಿಂದಿನ ದಿನ ಹಾಕಿದ್ದ ಅರ್ಧ ಪರಂಗಿ ಹಣ್ಣು. ತಿರುಳೆಲ್ಲ ಖಾಲಿಯಾಗಿ ಕಾಗದದಷ್ಟು ತೆಳ್ಳಗಿನ ಸಿಪ್ಪೆ ಉಳಿದಿತ್ತು, ಆ ಸಿಪ್ಪೆಯೂ ಉಸಿರಾಡುವಂತೆ ಏರಿಳಿಯುತ್ತಿತ್ತು. ಕಡ್ಡಿಯಿಂದ ಎತ್ತಿ ನೋಡಿದರೆ ಕೆಳಗೆ ನೂರಾರು ಹುಳು. ಬೂದು ಬೆರೆತ ಕಂದು ಬಣ್ಣ, ಚಪ್ಪಟೆ ಮೈ, ಬಳೆ ತೊಡಿಸಿದಂತೆ ಮೈತುಂಬ ಗೆರೆ. ಅಂಗೈ ಹತ್ತಿರ ಹಿಡಿದರೆ ಬಿಸಿ ತಾಕುತ್ತಿತ್ತು.

ಬೆಂಗಳೂರಿನಲ್ಲಿ ಮನೆಯಲ್ಲೇ ಗೊಬ್ಬರ ಮಾಡುವವರಲ್ಲಿ ಇದನ್ನು ಕಾಣದವರು ಕಡಿಮೆ. ಮಡಕೆಯಿರಲಿ, ಡ್ರಮ್ಮಿರಲಿ, ಮಳೆ ಹಿಡಿದ ಮೇಲೆ ಈ ಹುಳು ಕರೆಯದೆ ಬರುತ್ತದೆ. ಹೆಚ್ಚಿನವರು ಹೇಸಿ ಸುಣ್ಣ ಸುರಿಯುತ್ತಾರೆ. ಮೊದಲ ವರ್ಷ ನಾನೂ ಅದನ್ನೇ ಮಾಡಿದೆ. ನನ್ನ ಕೈ ತಡೆದದ್ದು ಹಿಂದಿನ ಸೈಟಿನಲ್ಲಿ ಶೆಡ್ಡು ಹಾಕಿಕೊಂಡು ನಾಲ್ಕು ನಾಟಿಕೋಳಿ ಸಾಕಿದ್ದ ಹೆಂಗಸು. "ಸುಣ್ಣ ಯಾಕಕ್ಕಾ ಹಾಕ್ತೀರಾ? ಒಂದ್ ಡಬ್ಬಿ ತುಂಬಿ ಕೊಡಿ, ನಮ್ ಕೋಳಿಗಾಯ್ತದೆ" ಅಂದಳು. ಡಬ್ಬಿ ಕೊಟ್ಟೆ. ನೆಲಕ್ಕೆ ಸುರಿದ ಹುಳು ಮಣ್ಣಿಗೆ ಇಳಿಯುವ ಮೊದಲೇ ಕೋಳಿಗಳು ಒಂದನ್ನೂ ಬಿಡದೆ ಹೆಕ್ಕಿ ಮುಗಿಸಿದ್ದವು.

ಕೊಳೆತದ್ದನ್ನು ಹುಳುವಾಗಿಸಿ ಹುಳುವನ್ನು ಮೇವಾಗಿಸುವ ಈ ಕೆಲಸಕ್ಕೆ ಜಗತ್ತು ಕಳೆದ ಎರಡು ದಶಕಗಳಲ್ಲಿ ಅಪಾರ ಹಣ ಸುರಿದಿದೆ. ಅದು ಎಲ್ಲಿ ಫಲಿಸಿದೆ, ಎಲ್ಲಿ ಮುಗ್ಗರಿಸಿದೆ, ನಮ್ಮ ನಾಡಿಗೆ ಎಷ್ಟು ಹೊಂದುತ್ತದೆ ಎಂದು ಒಮ್ಮೆ ಕೂತು ನೋಡುವ ಹೊತ್ತು ಬಂದಿದೆ.

ನಮ್ಮ ಡ್ರಮ್ಮಿನಲ್ಲಿ ಕಂಡದ್ದು ಕಪ್ಪು ಸೈನಿಕ ನೊಣದ ಮರಿಹುಳು. 1758ರಲ್ಲಿ ಲಿನೇಯಸ್ ವಿವರಿಸಿದ ಈ ಕೀಟದ ಇಂದಿನ ಶಾಸ್ತ್ರೀಯ ಹೆಸರು ಹರ್ಮೇಶಿಯಾ ಇಲ್ಯೂಸೆನ್ಸ್. ತವರು ಅಮೆರಿಕ ಖಂಡ, ಈಗ ಬೆಚ್ಚಗಿನ ದೇಶಗಳಲ್ಲೆಲ್ಲ ನೆಲೆಸಿದೆ. ರೆಕ್ಕೆ ಬಂದ ನೊಣವನ್ನು ನೋಡಿದವರು ಕಣಜವೆಂದು ತಿಳಿದು ಹಿಂದೆ ಸರಿಯುತ್ತಾರೆ. ಇದು ಕಚ್ಚುವುದಿಲ್ಲ, ಕುಟುಕುವುದಿಲ್ಲ, ಅನ್ನದ ಮೇಲೆ ಕೂರುವುದಿಲ್ಲ. ಬೆಳೆದ ನೊಣಕ್ಕೆ ತಿನ್ನುವ ಅಗತ್ಯವೇ ಇಲ್ಲ. ಒಂದಿಷ್ಟು ನೀರು ಹೀರಿಕೊಂಡು, ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬನ್ನು ಕರಗಿಸುತ್ತ ವಾರ, ಹತ್ತು ದಿನ ಬದುಕುತ್ತದೆ. ಹೊಲಸಿನಿಂದ ತಟ್ಟೆಗೆ, ತಟ್ಟೆಯಿಂದ ಹೊಲಸಿಗೆ ಓಡಾಡುವ ಮನೆನೊಣದಂತೆ ರೋಗ ಹರಡುವ ಸಂದರ್ಭವೇ ಇದಕ್ಕೆ ಬರುವುದಿಲ್ಲ.

ಹೆಣ್ಣು ಒಂದೇ ಸಲಕ್ಕೆ 500ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಕೊಳೆತ ವಸ್ತುವಿನ ಮೇಲೆ ಇಡದೆ, ಅದರ ವಾಸನೆ ಬರುವಷ್ಟು ಹತ್ತಿರದ ಒಣ ಸಂದಿನಲ್ಲಿ ಇಡುವುದು ಇದರ ಪದ್ಧತಿ. ಸಾಕುವವರು ರಟ್ಟಿನ ತುಂಡನ್ನೋ, ಸಣ್ಣ ಎಡೆ ಬಿಟ್ಟು ಕಟ್ಟಿದ ಮರದ ಪಟ್ಟಿಗಳನ್ನೋ ಕಸದ ಮೇಲೆ ತೂಗುಹಾಕುವುದು ಇದಕ್ಕೇ. ನಾಲ್ಕು ದಿನಕ್ಕೆ ಮೊಟ್ಟೆ ಒಡೆದು ಧೂಳಿನ ಕಣದಂಥ ಮರಿಗಳು ಕೆಳಗೆ ಉದುರುತ್ತವೆ. ಬೆಚ್ಚಗಿದ್ದು ಹೊಟ್ಟೆಗೆ ಸಾಕಷ್ಟು ಸಿಕ್ಕಿದರೆ ಮುಂದಿನ ಎರಡು ವಾರಗಳಲ್ಲಿ ಅವು ಒಂದು ಅಂಗುಲ ಉದ್ದ, 200 ಮಿಲಿಗ್ರಾಂ ತೂಕಕ್ಕೆ ಬೆಳೆಯುತ್ತವೆ. ಮೊಟ್ಟೆಯ ತೂಕಕ್ಕೆ ಹೋಲಿಸಿದರೆ ಸಾವಿರಾರು ಪಟ್ಟು.

ಆಮೇಲೆ ನಡೆಯುವುದು ಇದರ ಬದುಕಿನ ಅತಿ ಸೋಜಿಗದ ಭಾಗ. ಹುಳು ತಿನ್ನುವುದನ್ನು ನಿಲ್ಲಿಸುತ್ತದೆ, ಕರುಳು ಖಾಲಿ ಮಾಡಿಕೊಳ್ಳುತ್ತದೆ, ಮೈ ಕಪ್ಪಾಗುತ್ತದೆ. ಬಾಯಿಯ ಭಾಗ ತಿನ್ನುವ ರೂಪ ಬಿಟ್ಟು ಕೊಕ್ಕೆಯಾಗುತ್ತದೆ. ಆ ಕೊಕ್ಕೆ ಊರಿಕೊಂಡು ಕೊಳೆ ಬಿಟ್ಟು, ಒಣಗಿದ ಕತ್ತಲೆಯ ಜಾಗ ಹುಡುಕಿ ಹೊರಡುತ್ತದೆ. ಒಂದು ಮಳೆಯ ರಾತ್ರಿ ಟಾರ್ಚು ಹಿಡಿದು ನೋಡಿದೆ. ಒದ್ದೆಯಾದ ಡ್ರಮ್ಮಿನ ಒಳಗೋಡೆಯ ಮೇಲೆ ಕಪ್ಪು ಹುಳುಗಳು ಒಂದರ ಹಿಂದೊಂದು ಏರುತ್ತಿದ್ದವು. ಅರ್ಧ ದಾರಿಗೆ ಬಿದ್ದದ್ದು ಮತ್ತೆ ಬುಡದಿಂದ ಶುರು ಮಾಡುತ್ತಿತ್ತು. ಬೆಳಿಗ್ಗೆ ಬಾಗಿಲ ಹತ್ತಿರದ ಕಾಲೊರಸು ಎತ್ತಿದರೆ ಕೆಳಗೆ ಹನ್ನೆರಡು ಹುಳು ಸಾಲಾಗಿ ಮಲಗಿದ್ದವು. ಈ ವಲಸೆಯೇ ಸಾಕುವವರ ಪಾಲಿನ ಸುಗ್ಗಿ. ತೊಟ್ಟಿಯ ಒಂದು ಬದಿಗೆ ಇಳಿಜಾರು ಹಲಗೆ ಜೋಡಿಸಿ, ಅದರ ತುದಿಗೆ ಬಕೆಟ್ಟು ಇಟ್ಟರೆ ಬಲಿತ ಹುಳು ತಾನೇ ಏರಿ ಬಂದು ಬಕೆಟ್ಟಿಗೆ ಬೀಳುತ್ತದೆ. ಜರಡಿ ಬೇಡ, ಯಂತ್ರ ಬೇಡ. ಕೈ ಹಾಕಿ ಕೊಯ್ಯಬೇಕಿಲ್ಲದ ಇಂಥ ಬೆಳೆ ಬೇರೊಂದು ನನಗೆ ಗೊತ್ತಿಲ್ಲ.

ವಿಜ್ಞಾನಿಗಳ ಕಣ್ಣು ಇದರ ಮೇಲೆ ಬಿದ್ದದ್ದು ಮೇವಿನ ಕಾರಣಕ್ಕಲ್ಲ, ನೊಣದ ಕಾಟದ ಕಾರಣಕ್ಕೆ. ಕೋಳಿ ಹಿಕ್ಕೆಯಲ್ಲಿ ಈ ಹುಳು ತುಂಬಿಕೊಂಡರೆ ಮನೆನೊಣ ಅಲ್ಲಿ ಸಂತಾನ ಬೆಳೆಸಲಾರದು ಎಂಬುದನ್ನು 1959ರಲ್ಲೇ ಅಮೆರಿಕದ ಸಂಶೋಧಕರು ದಾಖಲಿಸಿದ್ದರು. 1973ರಲ್ಲಿ ಒಣಗಿಸಿದ ಹುಳುವನ್ನು ಕೋಳಿಮರಿಗಳಿಗೆ ತಿನ್ನಿಸಿ ನೋಡಿದರು, 1977ರಲ್ಲಿ ಹಂದಿಗೆ, 1981ರಲ್ಲಿ ಕ್ಯಾಟ್‌ಫಿಶ್ ಮೀನಿಗೆ. ಜಾರ್ಜಿಯಾ ವಿಶ್ವವಿದ್ಯಾಲಯದ ಕ್ರೇಗ್ ಶೆಪರ್ಡ್ ಇವನ್ನೆಲ್ಲ ಒಂದೇ ಎಳೆಯಲ್ಲಿ ಪೋಣಿಸಿದರು. ಮೊಟ್ಟೆ ಕೋಳಿಗಳ ಪಂಜರದ ಕೆಳಗೆ ಹುಳು ಬೆಳೆಯಲು ಬಿಟ್ಟು, ಹಿಕ್ಕೆಯ ರಾಶಿಯನ್ನು ಅರ್ಧಕ್ಕೆ ಇಳಿಸಿ, ಮನೆನೊಣ ಅಡಗಿಸಿ, ಜೊತೆಗೆ ಮೇವನ್ನೂ ಪಡೆಯುವ ವಿಧಾನವನ್ನು ಅವರು 1994ರಲ್ಲಿ ಪ್ರಕಟಿಸಿದರು. ಆದರೂ ಕಾಡುನೊಣ ತಾನಾಗಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂಬ ಸ್ಥಿತಿಯಿತ್ತು. ಪರದೆಯೊಳಗೆ ಇಟ್ಟು ವರ್ಷವಿಡೀ ಸಂತಾನ ಪಡೆಯುವ ಕ್ರಮವನ್ನು ಶೆಪರ್ಡ್, ಜೆಫ್ರಿ ಟಾಂಬರ್ಲಿನ್ ಮತ್ತು ಸಂಗಡಿಗರು 2002ರಲ್ಲಿ ವಿವರಿಸಿದ ಮೇಲೆ ಬಾಗಿಲು ತೆರೆಯಿತು. ಅದರಲ್ಲಿ ಬೆಳಕಿನದೇ ಮುಖ್ಯ ಪಾತ್ರ. ಈ ನೊಣ ಕೂಡುವುದಕ್ಕೆ ಒಳ್ಳೆಯ ಬಿಸಿಲು, ಇಲ್ಲವೇ ಅಂಥದೇ ಪ್ರಖರ ಬೆಳಕು ಬೇಕು. ಮಬ್ಬುಗತ್ತಲೆಯ ಕೋಣೆಯಲ್ಲಿ ಸಾವಿರ ನೊಣ ಇಟ್ಟರೂ ಮರಿಯಾಗುವ ಮೊಟ್ಟೆ ಸಿಕ್ಕುವುದು ಕಷ್ಟ.

ಬಡ ದೇಶಗಳ ಊರುಗಳಿಗೆ ಹೊಂದುವ ಲೆಕ್ಕ ಕೊಟ್ಟದ್ದು ಸ್ವಿಟ್ಜರ್ಲೆಂಡಿನ ನೀರು ಸಂಶೋಧನಾ ಸಂಸ್ಥೆ ಇವಾಗ್. ಇಂಡೋನೇಷ್ಯಾದಲ್ಲಿ ಮಾರುಕಟ್ಟೆಯ ಕಸದ ಮೇಲೆ ಕೆಲಸ ಮಾಡಿದ ಅನುಭವದಿಂದ ಅದು 2017ರಲ್ಲಿ ಒಂದು ಕೈಪಿಡಿ ಹೊರತಂದಿತು. ಅದರ ಲೆಕ್ಕ ಯಾರಾದರೂ ಹಿಡಿಯಬಹುದಾದಷ್ಟು ಸರಳ. 60 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲದ ಒಂದು ಕ್ರೇಟು, ಅದಕ್ಕೆ ಐದು ದಿನದ 10,000 ಮರಿಹುಳು, ಅವಕ್ಕೆ 12 ದಿನಗಳಲ್ಲಿ 15 ಕಿಲೋ ಹಸಿ ಕಸ. ಎಲ್ಲ ಸರಿಯಾಗಿ ನಡೆದರೆ ಕಸದ ಹಸಿ ತೂಕ ಶೇ 80ರವರೆಗೂ ಇಳಿಯುತ್ತದೆ, ಹಾಕಿದ ತೂಕದ ಐದನೇ ಒಂದು ಭಾಗದಿಂದ ಕಾಲು ಭಾಗದವರೆಗೆ ಹಸಿ ಹುಳು ಸಿಗುತ್ತದೆ. ಹುಳುವಿನ ಮೈಯಲ್ಲೂ ಮೂರನೇ ಎರಡು ಪಾಲು ನೀರೇ. ಅಂದರೆ ಕ್ವಿಂಟಾಲ್ ಕಸಕ್ಕೆ 20 ಕಿಲೋ ಹಸಿ ಹುಳು, ಒಣಗಿಸಿದರೆ ಆರೇಳು ಕಿಲೋ ಮೇವು. ಇದು ಎಲ್ಲವೂ ಕೂಡಿಬಂದಾಗಿನ ಲೆಕ್ಕ ಎಂಬುದನ್ನು ಮರೆಯಬಾರದು. ಬರೀ ಎಲೆಕೋಸಿನ ಹೊರ ಎಲೆ, ಸೌತೆ, ಸೊಪ್ಪಿನ ಕಡ್ಡಿ ಹಾಕಿದರೆ ಹುಳು ಬದುಕುತ್ತದೆ, ತುಂಬಿಕೊಳ್ಳುವುದಿಲ್ಲ. ಛತ್ರದ ಉಳಿದ ಅನ್ನ, ಹೋಟೆಲಿನ ಮಿಕ್ಕ ಪಲ್ಯ, ಕೊಳೆತ ಬಾಳೆಹಣ್ಣು, ಕೋಳಿ ಹಿಕ್ಕೆ ಸೇರಿದಾಗ ಬೇಗ ಬಲಿಯುತ್ತದೆ.

ತಿನ್ನಲಾರದ್ದೂ ಸಾಕಷ್ಟಿದೆ. ತೆಂಗಿನ ನಾರು, ಬಾಳೆ ಎಲೆಯ ದಿಂಡು, ಮಾವಿನ ಓಟೆ, ತರಗೆಲೆ, ಹುಲ್ಲು, ಮೂಳೆ ಇದರ ಹಲ್ಲಿಗೆ ಸಿಕ್ಕುವುದಿಲ್ಲ. ಹುಳು ತಿಂದು ಬಿಟ್ಟ ಉಳಿಕೆಯೂ ಪಕ್ವ ಗೊಬ್ಬರವಲ್ಲ. ಅದನ್ನು ತರಗೆಲೆ, ಮಣ್ಣಿನ ಜೊತೆ ಮತ್ತೆ ಕೆಲವು ವಾರ ಕಳಿಯಲು ಬಿಡಬೇಕು, ಇಲ್ಲದಿದ್ದರೆ ಗಿಡದ ಬೇರು ಸುಡುತ್ತದೆ. ಹುಳು ಬಂದರೆ ತಿಪ್ಪೆಯೇ ಬೇಡ ಎನ್ನುವವರ ಮಾತು ಆದ್ದರಿಂದ ನಂಬತಕ್ಕದ್ದಲ್ಲ. ಎರಡೂ ಜೊತೆಗಿರಬೇಕು. ಮೆದುವಾದದ್ದು ಹುಳುವಿಗೆ, ಗಡುಸಾದದ್ದು ತಿಪ್ಪೆಗೆ.

ಮೇವಾಗಿ ಇದರ ಯೋಗ್ಯತೆ ಏನು? ಒಣಗಿಸಿದ ಹುಳುವಿನಲ್ಲಿ ಸುಮಾರು ಶೇ 40 ಪ್ರೋಟೀನು, ಶೇ 30ರ ಆಸುಪಾಸು ಕೊಬ್ಬು. ತಿಂದದ್ದರ ಮೇಲೆ ಇದು ಹೆಚ್ಚುಕಮ್ಮಿಯಾಗುತ್ತದೆ. ಕೊಬ್ಬಿನಲ್ಲಿ ಲಾರಿಕ್ ಆಮ್ಲದ್ದೇ ಮೇಲುಗೈ, ಕೊಬ್ಬರಿ ಎಣ್ಣೆಯಲ್ಲಿ ಇರುವಂತೆ. ಚರ್ಮದಲ್ಲಿ ಸುಣ್ಣದ ಅಂಶ ಹೇರಳ, ಮೊಟ್ಟೆ ಇಡುವ ಕೋಳಿಗೆ ಅದು ಬೇಕಾದದ್ದೇ. ಸೋಯಾ ಹಿಂಡಿಯ ಅಥವಾ ಮೀನಿನ ಪುಡಿಯ ಒಂದು ಪಾಲನ್ನು ಇದರಿಂದ ತುಂಬಿದರೆ ಕೋಳಿಯ ಬೆಳವಣಿಗೆಗಾಗಲಿ ಮೀನಿನ ಬೆಳವಣಿಗೆಗಾಗಲಿ ಕುಂದಿಲ್ಲ ಎಂದು ಪ್ರಯೋಗಗಳು ಮತ್ತೆ ಮತ್ತೆ ತೋರಿಸಿವೆ. ಪೂರ್ತಿ ಇದನ್ನೇ ಹಾಕಿದಾಗ ಫಲಿತಾಂಶ ಅಷ್ಟು ಖಚಿತವಿಲ್ಲ. ಕೊಬ್ಬು ಅತಿಯಾಗುತ್ತದೆ, ಹುಳುವಿನ ಚಿಪ್ಪಿನ ಕೈಟಿನ್ ಜೀರ್ಣವಾಗುವುದು ನಿಧಾನ. ಇನ್ನೊಂದು ಸಂಗತಿ ಪ್ರೋಟೀನಿನ ಪಟ್ಟಿಯಲ್ಲಿ ಕಾಣುವುದಿಲ್ಲ. ಜೀವಂತ ಹುಳು ಚೆಲ್ಲಿದಾಗ ಕೋಳಿ ಕೆದಕುತ್ತದೆ, ಓಡುತ್ತದೆ, ಹುಡುಕುತ್ತದೆ. ಕೋಳಿಗೆ ಕೋಳಿಯಾಗಿ ಬದುಕಲು ಬಿಟ್ಟಂತಾಗುತ್ತದೆ. ಅದಕ್ಕೂ ಬೆಲೆಯಿದೆ ಎಂದು ನಾನು ನಂಬುತ್ತೇನೆ.

ಮೇವಿನ ಹೊರೆ ಏನೆಂದು ಕೋಳಿ ಫಾರಂ ನಡೆಸುವವರನ್ನು ಕೇಳಬೇಕು. ಖರ್ಚಿನ ಹತ್ತರಲ್ಲಿ ಆರೇಳು ಪಾಲು ಫೀಡಿಗೇ ಹೋಗುತ್ತದೆ. 2021ರಲ್ಲಿ ಸೋಯಾ ಹಿಂಡಿಯ ಬೆಲೆ ಕೈಮೀರಿದಾಗ ಕುಲಾಂತರಿ ಸೋಯಾದ ಹಿಂಡಿಯನ್ನು 12 ಲಕ್ಷ ಟನ್‌ವರೆಗೆ ಹೊರಗಿನಿಂದ ತರಿಸಲು ಕೇಂದ್ರ ಸರ್ಕಾರ ಅನುಮತಿ ಕೊಡಬೇಕಾಯಿತು. ಇನ್ನು ಮೀನಿನ ಪುಡಿ. ನಮ್ಮ ಕರಾವಳಿಯ ಫಿಶ್‌ಮೀಲ್ ಕಾರ್ಖಾನೆಗಳ ಮುಂದೆ ನಿಂತವರಿಗೆ ಆ ಕಥೆ ಮೂಗಿಗೇ ಗೊತ್ತಾಗುತ್ತದೆ. ಬಡವರ ಊಟದ ಬೂತಾಯಿ, ಟ್ರಾಲ್ ಬಲೆಗೆ ಸಿಕ್ಕ ಇನ್ನೂ ಬೆಳೆಯದ ಮರಿಮೀನು ಅಲ್ಲಿ ಪುಡಿಯಾಗಿ ಸಿಗಡಿ ಕೆರೆಗೆ, ಕೋಳಿ ಫಾರಮ್ಮಿಗೆ ಹೋಗುತ್ತದೆ. ಜಗತ್ತಿನ ಲೆಕ್ಕದಲ್ಲಿ 2020ರ ಒಂದೇ ವರ್ಷ 1.6 ಕೋಟಿ ಟನ್ ಮೀನು ಹೀಗೆ ಪುಡಿಗೆ, ಎಣ್ಣೆಗೆ ಹೋಗಿದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಹೇಳಿದೆ. ಮನುಷ್ಯ ತಿನ್ನುವ ಮೀನನ್ನು ಕೋಳಿಗೆ ಹಾಕುವ ಬದಲು, ಯಾರೂ ತಿನ್ನದ ಕಸವನ್ನು ಕೋಳಿಗೆ ಹಾಕುವ ದಾರಿ ಇದ್ದರೆ ಅದನ್ನು ಹುಡುಕುವುದು ನಮ್ಮ ಹೊಣೆ.

ಕೀನ್ಯಾ ಅದನ್ನು ಗಂಭೀರವಾಗಿ ಹುಡುಕಿದೆ. ಅಲ್ಲಿನ ಕೋಳಿಗೂ ವಿಕ್ಟೋರಿಯಾ ಸರೋವರದ ಒಮೆನಾ ಎಂಬ ಪುಟ್ಟ ಮೀನೇ ಪ್ರೋಟೀನಿನ ಮೂಲ, ಜನರ ಊಟವೂ ಅದೇ. ನೈರೋಬಿಯಲ್ಲಿ ನೆಲೆಯಿರುವ ಅಂತರರಾಷ್ಟ್ರೀಯ ಕೀಟವಿಜ್ಞಾನ ಕೇಂದ್ರ ಇಸಿಪೆ ರೈತರಿಗೆ ಹುಳು ಸಾಕಣೆ ಕಲಿಸಿತು. ಮೇವಿಗೆ ಬಳಸುವ ಒಣ ಹುಳುವಿಗೆ ಕೀನ್ಯಾ 2017ರಲ್ಲೇ ಗುಣಮಟ್ಟದ ನಿಯಮ ಮಾಡಿಕೊಂಡಿತು. ನೈರೋಬಿಯ ಕೊಳೆಗೇರಿಗಳ ಶೌಚದ ತ್ಯಾಜ್ಯವನ್ನೂ ಅಡುಗೆಮನೆಯ ಕಸವನ್ನೂ ಈ ಹುಳುವಿನಿಂದ ಕರಗಿಸುವ ಸ್ಯಾನರ್ಜಿ ಎಂಬ ಸಂಸ್ಥೆ ಅಲ್ಲಿ ಬೆಳೆಯಿತು.

ಯುರೋಪಿನ ದಾರಿ ಬೇರೆ. ಹುಚ್ಚು ಹಸು ರೋಗದ ಪೆಟ್ಟು ತಿಂದ ಯುರೋಪು 2001ರಲ್ಲಿ ಪ್ರಾಣಿಜನ್ಯ ಪ್ರೋಟೀನನ್ನು ಸಾಕುಪ್ರಾಣಿಗಳಿಗೆ ತಿನ್ನಿಸುವುದನ್ನೇ ನಿಷೇಧಿಸಿತ್ತು. ಹುಳುವಿನ ಪ್ರೋಟೀನಿಗೆ 2017ರಲ್ಲಿ ಮೀನು ಸಾಕಣೆಯಲ್ಲಿ, 2021ರಲ್ಲಿ ಕೋಳಿ ಮತ್ತು ಹಂದಿಗೆ ಅವಕಾಶ ಕೊಟ್ಟಿತು. ಆದರೆ ಅಲ್ಲಿನ ಕಾನೂನಿನ ಕಣ್ಣಲ್ಲಿ ಹುಳುವೂ ಒಂದು ಸಾಕುಪ್ರಾಣಿ. ಅದಕ್ಕೆ ಹೋಟೆಲಿನ ಎಂಜಲನ್ನಾಗಲಿ ಸಗಣಿಯನ್ನಾಗಲಿ ಹಾಕುವಂತಿಲ್ಲ. ಹಾಗಾಗಿ ಯುರೋಪಿನ ಕಾರ್ಖಾನೆಯ ಹುಳು ತಿನ್ನುವುದು ಹೆಚ್ಚಾಗಿ ಗೋಧಿ ಬೂಸಾದಂಥ ಉಪಉತ್ಪನ್ನ, ಹಂದಿಯೂ ಹಸುವೂ ನೇರವಾಗಿ ತಿನ್ನಬಹುದಾದದ್ದು. ಮೇವು ತಿನ್ನಿಸಿ ಮೇವು ಬೆಳೆಸಿದರೆ ನಡುವೆ ಸೋರಿಕೆಯಾಗಲೇಬೇಕು. ಮೇಲೆ ಚಳಿಯ ದೇಶದಲ್ಲಿ ಕೋಣೆ ಬಿಸಿ ಮಾಡುವ ಖರ್ಚು. ಅಲ್ಲಿನ ಹುಳುವಿನ ಹಿಟ್ಟು ಸೋಯಾ ಹಿಂಡಿಗಿಂತ ಎಷ್ಟೋ ದುಬಾರಿಯಾಗಿ ನಾಯಿ, ಬೆಕ್ಕಿನ ತಿಂಡಿಯ ಕಡೆ ಹೊರಳಿತು. ಬೇರೆ ಜಾತಿಯ ಹುಳು ಸಾಕಲು ಕೋಟ್ಯಂತರ ಯೂರೋ ಬಂಡವಾಳ ಎತ್ತಿದ್ದ ಫ್ರಾನ್ಸಿನ ಇನ್ಸೆಕ್ಟ್ ಕಂಪನಿ 2025ರ ಕೊನೆಗೆ ದಿವಾಳಿಯೆದ್ದಿತು. ಈ ಬಗ್ಗೆ ನನ್ನ ತೀರ್ಮಾನ ಇಷ್ಟು. ಹುಳುವನ್ನು ಬರೀ ಮೇವಿನ ಉದ್ಯಮವೆಂದು ಎಣಿಸಿ ಸೋಯಾದೊಂದಿಗೆ ಬೆಲೆಯ ಜಿದ್ದಿಗೆ ಇಳಿಸಿದರೆ ಅದು ಸೋಲುತ್ತದೆ. ಕಸ ಕರಗಿಸುವುದೇ ಅದರ ಮೊದಲ ಕೆಲಸ, ಮೇವು ಮೇಲಿನ ಲಾಭ ಎಂದು ಎಣಿಸಿದರೆ ಲೆಕ್ಕ ಕೂಡುತ್ತದೆ.

ಯುರೋಪಿನ ಅಂಜಿಕೆಯನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಈ ಹುಳು ತಿನ್ನುತ್ತ ಹೋದಂತೆ ಕೊಳೆಯಲ್ಲಿನ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಗಣನೀಯವಾಗಿ ತಗ್ಗುತ್ತದೆ ಎಂಬುದು ನಿಜ, ಆದರೆ ಜಂತುಹುಳುವಿನ ಮೊಟ್ಟೆ ಹಾಗೇ ಉಳಿಯುತ್ತದೆ. ಕಸದಲ್ಲಿ ಕ್ಯಾಡ್ಮಿಯಂನಂಥ ಭಾರಲೋಹ ಇದ್ದರೆ ಅದು ಹುಳುವಿನ ಮೈಯಲ್ಲಿ ಶೇಖರವಾಗುತ್ತದೆ, ಅಲ್ಲಿಂದ ಕೋಳಿಗೆ, ಮೊಟ್ಟೆಗೆ, ನಮ್ಮ ತಟ್ಟೆಗೆ. ಬ್ಯಾಟರಿ, ಬಣ್ಣದ ಡಬ್ಬ, ಹಸಿ ಕಸ ಎಲ್ಲ ಒಂದೇ ಚೀಲದಲ್ಲಿ ಬಂದ ಕಸದ ಮೇಲೆ ಬೆಳೆದ ಹುಳುವನ್ನು ಯಾವ ಪ್ರಾಣಿಗೂ ಹಾಕಬಾರದು. ಕೊಯ್ದ ಹುಳುವನ್ನು ಕುದಿನೀರಿನಲ್ಲಿ ಅದ್ದಿ ಒಣಗಿಸುವುದು ಒಳ್ಳೆಯ ರೂಢಿ. ಹಸು, ಎಮ್ಮೆ, ಕುರಿಗೆ ಇದು ಮೇವೇ ಅಲ್ಲ. ಕೋಳಿ, ಬಾತು, ಮೀನು, ಹಂದಿ ಇವಕ್ಕೆ ಹುಳು ಸಹಜ ಆಹಾರ, ಅಷ್ಟಕ್ಕೇ ಇರಲಿ.

ಕರ್ನಾಟಕಕ್ಕೆ ಹುಳುವನ್ನು ಮೇವಾಗಿಸುವುದು ಹೊಸ ವಿದ್ಯೆಯೇನಲ್ಲ. ರಾಮನಗರ, ಶಿಡ್ಲಘಟ್ಟದ ನೂಲು ಬಿಚ್ಚುವ ಘಟಕಗಳಲ್ಲಿ ರೇಷ್ಮೆ ತೆಗೆದ ಮೇಲೆ ಉಳಿಯುವ ಹುಳುವನ್ನು ಒಣಗಿಸಿ ಮೀನಿಗೆ, ಕೋಳಿಗೆ ಹಾಕುವುದು ಬಹಳ ಕಾಲದ ರೂಢಿ. ಅದರಲ್ಲಿ ಪ್ರೋಟೀನು ಇನ್ನೂ ಹೆಚ್ಚು. 2019ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಲೂಪ್‌ವರ್ಮ್ ಕಂಪನಿ ಕಪ್ಪು ಸೈನಿಕ ನೊಣ ಮತ್ತು ರೇಷ್ಮೆ ಹುಳು ಎರಡನ್ನೂ ಹಿಡಿದು ಕೆಲಸ ಮಾಡುತ್ತಿದೆ. ಕೋಳಿಯ ಕಡೆಯಿಂದ ನೋಡಿದರೂ ನಾವು ಅನುಕೂಲದಲ್ಲಿದ್ದೇವೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಕೋಳಿ ಹಿತ್ತಿಲಲ್ಲಿ ಕೆದಕಿ ತಿಂದು ಬೆಳೆಯಲೆಂದೇ ಮಾಡಿದ ತಳಿ. ಹುಳು ತೊಟ್ಟಿಗೂ ಅದಕ್ಕೂ ಒಳ್ಳೆಯ ಜೋಡಿ.

ಹವೆಯೂ ನಮ್ಮ ಕಡೆಗಿದೆ. ಈ ಹುಳುವಿಗೆ ಹಿತವಾದದ್ದು 24ರಿಂದ 30 ಡಿಗ್ರಿ, ಮೈಸೂರು, ಬೆಂಗಳೂರಿನಲ್ಲಿ ವರ್ಷದ ಬಹುಪಾಲು ದಿನ ಹಗಲು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಡಿಸೆಂಬರ್, ಜನವರಿಯಲ್ಲಿ ನಮ್ಮ ಡ್ರಮ್ಮಿನ ಹುಳು ಮಂಕಾಗುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ನೆರಳಿಲ್ಲದ ತೊಟ್ಟಿ ಇಟ್ಟರೆ ಹುಳು ಬೆಂದುಹೋಗುತ್ತದೆ. ಇವೆರಡಕ್ಕಿಂತ ದೊಡ್ಡ ಶತ್ರು ಇರುವೆ. ಒಂದು ಬೆಳಿಗ್ಗೆ ನೋಡಿದರೆ ರಟ್ಟಿನ ಸಂದಿನಲ್ಲಿದ್ದ ಕೆನೆಬಣ್ಣದ ಮೊಟ್ಟೆಗಳು ಒಂದೂ ಇರಲಿಲ್ಲ, ಗೋಡೆಯ ಮೇಲೆ ಕೆಂಪಿರುವೆಯ ಸಾಲು ಮಾತ್ರ ಇತ್ತು. ತೊಟ್ಟಿಯ ಕಾಲುಗಳನ್ನು ನೀರು ತುಂಬಿದ ತಟ್ಟೆಯಲ್ಲಿ ನಿಲ್ಲಿಸುವುದು, ಅಜ್ಜಿಯರು ಬೆಲ್ಲದ ಡಬ್ಬಿಗೆ ಮಾಡುತ್ತಿದ್ದ ಉಪಾಯ, ಇಲ್ಲಿಯೂ ಅದೇ ಸರಿ. ನಾತ ಬಂತೆಂದರೆ ಕಸ ಹೆಚ್ಚಾಗಿದೆ, ಇಲ್ಲವೇ ನೀರು ನಿಂತಿದೆ ಎಂದರ್ಥ. ಎರಡು ಹಿಡಿ ತೆಂಗಿನ ನಾರಿನ ಪುಡಿಯೋ ಮರದ ಹೊಟ್ಟೋ ಬೆರೆಸಿ, ಒಂದು ದಿನ ಕಸ ಹಾಕದೆ ಬಿಟ್ಟರೆ ತಾನೇ ಸರಿಹೋಗುತ್ತದೆ.

ಜೀವಹಿಂಸೆಯ ಪ್ರಶ್ನೆಯನ್ನು ನನ್ನ ಓದುಗರಲ್ಲಿ ಕೆಲವರು ಖಂಡಿತ ಎತ್ತುತ್ತಾರೆ. ಎತ್ತಬೇಕು. ಒಂದು ಸಣ್ಣ ಘಟಕದಲ್ಲೂ ದಿನಕ್ಕೆ ಲಕ್ಷಾಂತರ ಜೀವ ಸಾಯುತ್ತವೆ. ಅವಕ್ಕೆ ನೋವು ಎಷ್ಟು ಎಂಬ ಬಗ್ಗೆ ವಿಜ್ಞಾನಿಗಳಲ್ಲೇ ಚರ್ಚೆ ನಡೆದಿದೆ. ರೇಷ್ಮೆ ಸೀರೆ ಉಟ್ಟುಕೊಂಡು ಈ ಪ್ರಶ್ನೆಯಿಂದ ನಾನು ನುಣುಚಿಕೊಳ್ಳಲಾರೆ. ಸಾಕುವವರು ಹುಳುವನ್ನು ಬೇಗ, ಕ್ಷಣದಲ್ಲಿ ಕೊಲ್ಲುವ ವಿಧಾನವನ್ನೇ ಹಿಡಿಯಬೇಕು, ಬಿಸಿಲಿನಲ್ಲಿ ನಿಧಾನಕ್ಕೆ ಒಣಗಿಸಿ ಸಾಯಿಸುವುದನ್ನು ಬಿಡಬೇಕು. ಕೋಳಿಯನ್ನೇ ಸಾಕದವರಿಗೆ, ತಿನ್ನದವರಿಗೆ ತಿಪ್ಪೆಯ ದಾರಿ ಇದ್ದೇ ಇದೆ.

ಇನ್ನು ಉಳಿದದ್ದು ಊರಿನ ಕಸ. ನಗರದ ಕಸದಲ್ಲಿ ಅರ್ಧಕ್ಕೂ ಹೆಚ್ಚು ಹಸಿಯದು. ಅದು ಒಣ ಕಸದೊಂದಿಗೆ ಬೆರೆತು ಊರ ಹೊರಗಿನ ಹಳ್ಳಿಗಳಾದ ಮಾವಳ್ಳಿಪುರಕ್ಕೆ, ಮಂಡೂರಿಗೆ ಹೋಗಿ ಬಿದ್ದಾಗ ಏನಾಯಿತೆಂದು ಬೆಂಗಳೂರು ನೋಡಿದೆ. ಮಂಡೂರಿನವರು ಲಾರಿಗಳಿಗೆ ಅಡ್ಡ ನಿಂತು, ಹೋರಾಡಿ, 2014ರ ಕೊನೆಗೆ ಅಲ್ಲಿ ಕಸ ಸುರಿಯುವುದನ್ನು ನಿಲ್ಲಿಸಿದರು. ಆ ರಾಶಿಗೆ ನಾತ ಕೊಟ್ಟದ್ದು ಇದೇ ಅನ್ನ, ಇದೇ ಸಿಪ್ಪೆ. ತರಕಾರಿ ಮಾರುಕಟ್ಟೆಯ ಹಿಂಭಾಗದಲ್ಲಿ, ದೊಡ್ಡ ಛತ್ರದ ಹಿತ್ತಿಲಲ್ಲಿ, ಹಾಸ್ಟೆಲಿನ ಅಡುಗೆಮನೆಯ ಪಕ್ಕದಲ್ಲಿ, ಹೀಗೆ ಕಸ ಹುಟ್ಟಿದ ಕಡೆಯೇ ಹುಳು ತೊಟ್ಟಿ ಇದ್ದರೆ ಲಾರಿಯ ಡೀಸೆಲ್ಲೂ ಉಳಿಯುತ್ತದೆ, ಇನ್ನೊಂದು ಹಳ್ಳಿಯ ಉಸಿರೂ ಉಳಿಯುತ್ತದೆ. ಕಸ ಸಾಗಿಸಲು ಪಾಲಿಕೆ ಖರ್ಚು ಮಾಡುವ ಹಣದ ಒಂದು ಪಾಲನ್ನು ಅಲ್ಲೇ ಕರಗಿಸುವವರಿಗೆ ಕೊಟ್ಟರೆ ಹುಳು ಸಾಕುವವರು ಮೇವಿನ ಬೆಲೆಯೊಂದನ್ನೇ ನೆಚ್ಚಿ ಕೂರಬೇಕಾಗಿಲ್ಲ. ಜೊತೆಗೆ ಯಾವ ಕಸದ ಮೇಲೆ ಬೆಳೆದ ಹುಳುವನ್ನು ಯಾವ ಪ್ರಾಣಿಗೆ ಹಾಕಬಹುದು, ಭಾರಲೋಹ ಎಷ್ಟು ಮೀರಬಾರದು ಎಂದು ಕೀನ್ಯಾದಂತೆ ಸರ್ಕಾರ ಸ್ಪಷ್ಟವಾಗಿ ಬರೆದಿಡಬೇಕು.

ಇದೆಲ್ಲಕ್ಕೂ ಮೊದಲ ಷರತ್ತು ನಮ್ಮ ಅಡುಗೆಮನೆಯಲ್ಲಿದೆ. ಹಸಿ ಕಸದ ಬಕೆಟ್ಟಿಗೆ ಪ್ಲಾಸ್ಟಿಕ್ಕು, ಬ್ಲೇಡು, ಮಾತ್ರೆಯ ಪಟ್ಟಿ ಹಾಕಬೇಡಿ. ಈ ಮಳೆಗಾಲದಲ್ಲಿ ನಿಮ್ಮ ಗೊಬ್ಬರದ ಮಡಕೆಯಲ್ಲಿ ಚಪ್ಪಟೆ ಮೈಯ ಕಂದು ಹುಳು ಕಂಡರೆ ಸುಣ್ಣ ಸುರಿಯಬೇಡಿ. ಹತ್ತಿರದಲ್ಲಿ ಕೋಳಿ ಸಾಕಿದವರು ಯಾರಿದ್ದಾರೆಂದು ವಿಚಾರಿಸಿ, ಒಂದು ಡಬ್ಬಿ ಕೊಟ್ಟು ಬನ್ನಿ.